ಮಗ್ಗದ ಗುಂಡಿಗೆ ಒಂದು ಗೇಣು ಮಣ್ಣು

ಯುದ್ಧದ ವರ್ಷಗಳಲ್ಲಿ ನಾನು ಶಿರಾದಲ್ಲಿದ್ದುಕೊಂಡು ಬೆಂಗಳೂರಿನ ಒಂದು ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಕೆರೆ ತುಂಬಿದ್ದು, ಪ್ಲೇಗಿನ ಚುಚ್ಚುಮದ್ದು, ಅಮಲ್ದಾರರ ಸವಾರಿ, ಹೀಗೆ ಮೂರು ನಾಲ್ಕು ಸಾಲಿನ ಸುದ್ದಿಗಳು. ಒಮ್ಮೆ ಸಂಪಾದಕರು ಕಾರ್ಡು ಹಾಕಿದರು: ಸೈನ್ಯಕ್ಕೆ ಕಂಬಳಿ ಬೇಕಾಗಿದೆಯಂತೆ, ನಿಮ್ಮ ಕಡೆ ನೇಯುವವರು ಹೇಗಿದ್ದಾರೆ, ಹೋಗಿ ನೋಡಿ ಬರೆಯಿರಿ.

ಬುಕ್ಕಾಪಟ್ಟಣದವರೆಗೆ ಬಸ್ಸು. ಅಲ್ಲಿಂದ ಜಾಲಿ ಗಿಡಗಳ ನಡುವೆ ಒಂದು ಗಂಟೆ ನಡೆದರೆ ಕಂಬಳಿಯವರ ಕೇರಿ. ಹತ್ತಿಪ್ಪತ್ತು ಮನೆ. ಕೇರಿಗೆ ಕಾಲಿಟ್ಟ ಕೂಡಲೇ ಹುಣಸೇಬೀಜದ ಗಂಜಿಯ ವಾಸನೆ ಮೂಗಿಗೆ ಹೊಡೆಯಿತು. ಹೆಂಗಸರು ಜಗಲಿಯ ಮೇಲೆ ಉಣ್ಣೆ ಹಿಂಜುತ್ತಿದ್ದರು, ನೂಲುತ್ತಿದ್ದರು, ಗಂಜಿ ಬಳಿಯುತ್ತಿದ್ದರು. ಒಳಗೆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ನಡೆಸುತ್ತಿದ್ದವರೆಲ್ಲ ಗಂಡಸರು.

ಇಷ್ಟೆಲ್ಲ ಮಾಡುವ ಹೆಂಗಸರು ಮಗ್ಗಕ್ಕೆ ಯಾಕೆ ಕೂರುವುದಿಲ್ಲ ಎಂದು ಮೂವರನ್ನು ಕೇಳಿದೆ. ಒಬ್ಬ, ದೇವರು ಒಪ್ಪುವುದಿಲ್ಲ ಎಂದ. ಇನ್ನೊಬ್ಬ, ಅವರ ಕಾಲಿಗೆ ಬಲ ಸಾಲದು ಎಂದ. ನೂಲುತ್ತಿದ್ದ ಒಬ್ಬ ಮುದುಕಿ ತಲೆಯೆತ್ತದೆ, "ಅವರೂ ಏನಾರ ಮಾಡ್ಲಿ ಬುಡು ಸ್ವಾಮಿ" ಎಂದಳು. ಮೂರನ್ನೂ ಬರೆದುಕೊಂಡೆ.

ಕೇರಿಯ ಕೊನೆಯ ಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಬೇರೆ ಮನೆಗಳ ಸದ್ದಿಗಿಂತ ನಿಧಾನ. ನೇಯುವವನು ಜಗಲಿಯ ಮೇಲೆ ಕೂತಿದ್ದ. ಹಾಗಾದರೆ ಒಳಗೆ ಮಗ್ಗ ಬಡಿಯುತ್ತಿರುವವರು ಯಾರು?

ಅವನ ಮಗಳು. ವಯಸ್ಸು ಹದಿನೆಂಟಿರಬಹುದು. ಆರು ತಿಂಗಳ ಹಿಂದೆ ಗಾಡಿಯಿಂದ ಬಿದ್ದು ಅವನ ಬಲಗೈ ಮಣಿಕಟ್ಟಿನಲ್ಲಿ ಸೆಟೆದುಕೊಂಡಿತ್ತು. ಲಾಳಿ ಎಸೆಯಲು ಆಗುತ್ತಿರಲಿಲ್ಲ. ಗಂಡುಮಕ್ಕಳಿಲ್ಲ. ನೇಯುವ ಗಂಡಸಿಲ್ಲದ ಮನೆಯಲ್ಲಿ ಮಗ್ಗದ ಗುಂಡಿ ಬಾಯಿ ತೆರೆದುಕೊಂಡಿರಬಾರದು ಎಂಬುದು ಆ ಕೇರಿಯ ಕಟ್ಟಳೆ. ಮಣ್ಣು ತುಂಬಬೇಕು, ಮಗ್ಗದ ಮರ ದಾಯಾದಿಯ ಮನೆಗೆ ಹೋಗಬೇಕು. ಒಂದು ಬುಟ್ಟಿ ಮಣ್ಣು ಬಿದ್ದರೂ ಆ ಮನೆಯ ನೇಯ್ಗೆ ಮುಗಿದಂತೆ. ಅಪ್ಪ ಕೇರಿಯ ಯಜಮಾನನ ಬಳಿ ಕೂತು ಹಟ ಮಾಡಿ ಒಂದು ಅವಕಾಶ ಪಡೆದಿದ್ದ. ಮಗಳು ಒಂದು ಕಂಬಳಿ ನೇಯಲಿ. ಹುಣ್ಣಿಮೆಯ ದಿನ ಹಿರಿಯರು ನೋಡುತ್ತಾರೆ. ಹೊದೆಯಲು ಯೋಗ್ಯವಾಗಿದ್ದರೆ ಮಗ್ಗ ಉಳಿಯುತ್ತದೆ, ಇಲ್ಲದಿದ್ದರೆ ಗುಂಡಿ ಮುಚ್ಚುತ್ತದೆ.

ಆ ಕಡೆಯ ಕಂಬಳಿ ಎರಡು ಪಟ್ಟಿಯದು. ಎರಡನ್ನೂ ಬೇರೆ ಬೇರೆ ನೇಯ್ದು ನಡುವೆ ಹೊಲಿಯುತ್ತಾರೆ. ಕೈ ಕೆಡುವ ಮೊದಲು ಅಪ್ಪ ಒಂದು ಪಟ್ಟಿ ಮುಗಿಸಿದ್ದ. ಅದು ಸುರುಳಿಯಾಗಿ ನಾಗಂದಿಗೆಯ ಮೇಲಿತ್ತು. ಮನೆಯಲ್ಲಿ ಉಳಿದ ಉಣ್ಣೆ ಇನ್ನೊಂದು ಪಟ್ಟಿಗೆ ಮಾತ್ರ ಸಾಲುತ್ತಿತ್ತು. ಅದನ್ನು ಮಗಳು ನೇಯುತ್ತಿದ್ದಳು.

ಅವನು ಕಲಿಸುತ್ತಿದ್ದ ರೀತಿ ನನಗೆ ಹೊಸದು. ಒಳಗೆ ಹೋಗುತ್ತಲೇ ಇರಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಸದ್ದು ಕೇಳುತ್ತಿದ್ದ.

"ಸಡ್ಲ ಬಿತ್ತು ಕಣಮ್ಮ. ಇನ್ನೊಂದು ಏಟು ಆಕು."

ಒಳಗಿನಿಂದ ಒಂದು ಏಟು.

"ಅಂಗೆ. ಎಡಗಾಲು ತಡ ಮಾಡ್ತಿದೀಯ."

"ಕಾಲು ನೆಲಕ್ಕೆ ಎಟುಕಿದ್ರೆ ತಾನೇ ಬೇಗ ತುಳಿಯೋದು? ಗುಂಡಿ ನಿನ್ನ ಕಾಲಿಗೆ ತೋಡಿರೋದು. ಎರಡು ಬುಟ್ಟಿ ಮಣ್ಣು ಆಕುಸು ಅಂದೆ, ಕೇಳ್ದಾ?"

"ಮಣ್ಣಿನ ಮಾತು ಆಡ್ಬೇಡ!" ಎಂದು ಅವನು ಗದರಿದ. ಆಮೇಲೆ ನನ್ನ ಕಡೆ ತಿರುಗಿ, "ಹೆಂಗೆ ಸ್ವಾಮಿ, ಸದ್ದು ಒಂದೇ ಸಮ ಐತಲ್ಲ?" ಎಂದ. ನನಗೆ ಏನೂ ಗೊತ್ತಾಗಿರಲಿಲ್ಲ. ಹೌದೆಂದೆ.

ಒಳಗೆ ಹೋಗಿ ನೋಡಿದೆ. ಹುಡುಗಿ ಗುಂಡಿಯ ಅಂಚಿನಲ್ಲಿ ಮುಂದಕ್ಕೆ ಜಾರಿ, ಅರ್ಧ ನಿಂತು ಅರ್ಧ ಕೂತು, ಕಾಲ್ಬೆರಳ ತುದಿಯಲ್ಲಿ ತುಳಿಯುವ ಹಲಗೆ ಒತ್ತುತ್ತಿದ್ದಳು. ಅವನಿಗೆ ಕೇಳಿಸಿದ ತಡದ ಕಾರಣ ಅದು.

ಹುಣ್ಣಿಮೆಯ ಬೆಳಗ್ಗೆ ಮತ್ತೆ ಹೋದೆ. ಪಟ್ಟಿಗಳನ್ನು ಹೊಲಿಯುವುದು ಅತ್ತೆಯ ಕೆಲಸ. ಅತ್ತೆ ಎಂದರೆ ಅಪ್ಪನ ಅಕ್ಕ, ಪಾವಗಡದ ಕಡೆಗೆ ಕೊಟ್ಟವಳು, ತಮ್ಮನ ಕೈ ಕೆಟ್ಟಾಗ ಬಂದು ಉಳಿದವಳು; ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಯಜಮಾನನೂ ಇನ್ನಿಬ್ಬರು ಹಿರಿಯರೂ ಬಂದು ಜಗಲಿಯಲ್ಲಿ ಕೂತರು. ಅತ್ತೆ ಎರಡೂ ಪಟ್ಟಿಗಳನ್ನು ಅಂಗಳದಲ್ಲಿ ಪಕ್ಕಪಕ್ಕ ಬಿಚ್ಚಿ ಹಾಸಿದಳು. ಒಂದು ತುದಿ ಸರಿಯಾಗಿ ಕೂಡಿಸಿ, ಅಂಗೈಯಲ್ಲಿ ಸವರುತ್ತಾ ಇನ್ನೊಂದು ತುದಿಗೆ ಹೋದಳು.

"ಏಮೇ!" ಎಂದು ಕೂಗಿದಳು. "ಇದೇನೇ ತಲ್ಲೀ, ಕಂಬಳಿಗೆ ಒಂದು ಕಾಲು ಕುಂಟು!"

ಮಗಳ ಪಟ್ಟಿ ಒಂದು ಗೇಣು ಗಿಡ್ಡವಾಗಿತ್ತು.

"ನಾಲ್ಕು ಮೊಳ ಉದ್ದಕ್ಕೆ ಹಾಸುನೂಲು ಬುಡು ಅಂದಿದ್ದೆ ಕಣಮ್ಮ" ಎಂದ ಅಪ್ಪ.

"ನಾಲ್ಕೇ ಬುಟ್ಟಿದೀನಿ. ಎರಡು ಸಲ ಅಳೆದಿದೀನಿ."

"ಯಾವುದ್ರಲ್ಲಿ ಅಳೆದೆ?"

ಹುಡುಗಿ ತನ್ನ ಕೈ ಮುಂದೆ ಚಾಚಿದಳು. ಅಪ್ಪನೂ ಸೆಟೆದ ಕೈಯನ್ನು ಅದರ ಪಕ್ಕಕ್ಕಿಟ್ಟ. ಮೊಳಕೈಯಿಂದ ಬೆರಳ ತುದಿಗೆ ಮೂರು ಬೆರಳಗಲದ ವ್ಯತ್ಯಾಸ. ನಾಲ್ಕು ಮೊಳಕ್ಕೆ ಹನ್ನೆರಡು ಬೆರಳು, ಅಂದರೆ ಒಂದು ಗೇಣು. ನೇಯ್ದಷ್ಟೂ ಬಟ್ಟೆ ಮರಕ್ಕೆ ಸುತ್ತಿಕೊಳ್ಳುವುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದಿನಗಟ್ಟಲೆ ಪ್ರತಿ ಏಟನ್ನೂ ಕೇಳಿ ತಿದ್ದಿದವನಿಗೆ ಉದ್ದ ಮಾತ್ರ ಕೇಳಿಸಿರಲಿಲ್ಲ.

ಹಿರಿಯರಲ್ಲಿ ಒಬ್ಬ ನಕ್ಕ. "ಹೆಣ್ಣಿನ ಮೊಳ, ಹೆಣ್ಣಿನ ಕಂಬಳಿ. ಸೊಂಟಕ್ಕೆ ಸುತ್ಕಳಕ್ಕೆ ಸರಿಹೋಯ್ತದೆ."

"ನಿನ್ನ ಮೊಳ ಎಷ್ಟುದ್ದ ಅಂತ ನಿನ್ನ ಹೆಂಡ್ತೀನ ಕೇಳಿದ್ರೆ ಗೊತ್ತಾಯ್ತದೆ, ಚಾಲ್ಲೇ" ಎಂದಳು ಅತ್ತೆ.

ಯಜಮಾನ ನಗಲಿಲ್ಲ. ಇಳಿದು ಬಂದು ಮಗಳ ಪಟ್ಟಿಯ ಪಕ್ಕ ಕೂತ. ಎಳೆದು ನೋಡಿದ, ಬೆಳಕಿಗೆ ಹಿಡಿದ, ಉಗುರಿನಿಂದ ಕೆರೆದ. ಕೊನೆಗೆ, "ನೇಯ್ಗೇಲಿ ತಪ್ಪಿಲ್ಲ. ಆದ್ರೆ ಇದು ಕಂಬಳಿ ಆಗಿಲ್ಲ, ಎರಡು ತುಂಡು" ಎಂದ. "ಮಾತು ಮಾತೇ. ನಾಳೆ ಗುಂಡಿಗೆ ಮಣ್ಣು ಬೀಳ್ಬೇಕು."

ಕುರಿಗಳ ಉಣ್ಣೆ ಕತ್ತರಿಸಲು ಇನ್ನೂ ತಿಂಗಳುಗಳಿದ್ದವು. ಹೊಸ ಪಟ್ಟಿಗೆ ನೂಲಿರಲಿಲ್ಲ. ಉಳಿದದ್ದು ಒಂದೇ ದಾರಿ. ಅದು ಎಲ್ಲರಿಗೂ ಗೊತ್ತಿತ್ತು. ಅಪ್ಪನ ಪಟ್ಟಿಯನ್ನು ಒಂದು ಗೇಣು ಕತ್ತರಿಸಬೇಕು. ಅದು ಅವನು ಈ ಜನ್ಮದಲ್ಲಿ ನೇಯ್ದ ಕೊನೆಯ ಬಟ್ಟೆ.

"ಕತ್ರಿ ತಗಂಬಾ" ಎಂದ ಅಪ್ಪ.

"ಬ್ಯಾಡ ಅಪ್ಪ. ಗುಂಡಿ ಮುಚ್ಲಿ ಬುಡು."

"ತಗಂಬಾ ಅಂದೆ ಕಣಮ್ಮ. ಎತ್ತಿಟ್ರೆ ಹುಳ ತಿಂತದೆ."

ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಬಂತು. ನೇಯ್ದವನ ಬಟ್ಟೆಗೆ ನೇಯ್ದವನೇ ಕತ್ತರಿ ಇಡಬೇಕಂತೆ. ಅವನ ಬೆರಳು ಮಡಚುತ್ತಿರಲಿಲ್ಲ. ಮಗಳ ಕೈಯ ಮೇಲೆ ತನ್ನ ಕೈ ಇಟ್ಟ. ಅವಳು ಕತ್ತರಿಸಿದಳು. ಉಣ್ಣೆ ದಪ್ಪವಾಗಿದ್ದರಿಂದ ನಿಧಾನವಾಗಿ ಹೋಯಿತು. ಅವನು ಬೇರೆ ಕಡೆ ನೋಡಲಿಲ್ಲ. ಅತ್ತೆ ತುದಿಯ ಎಳೆಗಳನ್ನು ಗಂಟು ಹಾಕಿ, ದಬ್ಬಳ ತೆಗೆದುಕೊಂಡು ಹೊಲಿಯಲು ಕೂತಳು. ಮಧ್ಯಾಹ್ನದವರೆಗೆ ಹಿರಿಯರು ಏಳಲಿಲ್ಲ. ನಾನೂ ಏಳಲಿಲ್ಲ.

ಹೊಲಿಗೆ ಮುಗಿದಾಗ ಯಜಮಾನ ಜಗಲಿಯ ಮೇಲೆ ಉದ್ದಕ್ಕೆ ಮಲಗಿ, ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡ. ಪಾದಗಳು ಹೊರಗೆ ಬಂದವು.

"ಕಾಲು ಹೊರಗಿದಾವಲ್ಲ ಕಣಮ್ಮ" ಎಂಬ ಮಾತು ಕಂಬಳಿಯ ಒಳಗಿನಿಂದ ಬಂತು.

"ಮಡಚ್ಕೊಳ್ಳಿ" ಎಂದಳು ಹುಡುಗಿ.

ಯಜಮಾನ ಮಡಚಿಕೊಂಡ. ಸ್ವಲ್ಪ ಹೊತ್ತು ಹಾಗೇ ಇದ್ದು, "ಬೆಚ್ಚಗದೆ" ಎಂದು ಎದ್ದು ಕೂತ.

ಆ ಸುದ್ದಿ ನಾಲ್ಕು ಸಾಲಾಗಿ ಅಚ್ಚಾಯಿತು. ಅದರಲ್ಲಿ, ಯುವತಿಯೊಬ್ಬಳು ಕಂಬಳಿ ನೇಯ್ದಳು ಎಂದು ಬರೆದಿದ್ದೆ. ಅದು ಪೂರ್ತಿ ಸರಿಯಲ್ಲ. ಅವಳು ನೇಯ್ದದ್ದು ಅರ್ಧ. ಆಗ ತಿದ್ದುಪಡಿ ಕಳಿಸಲಿಲ್ಲ, ಇಲ್ಲಿ ಸೇರಿಸುತ್ತಿದ್ದೇನೆ.

ಉಣ್ಣೆ ಕತ್ತರಿಸುವ ಕಾಲ ಕಳೆದ ಮೇಲೆ ಇನ್ನೊಮ್ಮೆ ಆ ಕಡೆ ಹೋಗಿದ್ದೆ. ಜಗಲಿಯಲ್ಲಿ ಅಪ್ಪ ಇರಲಿಲ್ಲ. ಕುರಿ ನೋಡಲು ಹೋಗಿದ್ದನಂತೆ. ಒಳಗೆ ಮಗ್ಗದ ಕಂಬದ ಮೇಲೆ ಎರಡು ಗೀರುಗಳಿದ್ದವು. ಅಪ್ಪನ ಮೊಳಕೈಯಿಂದ ಬೆರಳ ತುದಿಗೆ ಎಷ್ಟೋ ಅಷ್ಟು ದೂರ. ಹುಡುಗಿ ಹಾಸುನೂಲು ಅಳೆಯಲು ಆ ಅಳತೆಯ ಕೋಲು ಇಟ್ಟುಕೊಂಡಿದ್ದಳು. ಪಕ್ಕದ ಮನೆಯ ಇನ್ನೊಬ್ಬ ಹುಡುಗಿ ಲಾಳಿಗೆ ನೂಲು ತುಂಬಿಸುತ್ತಾ ಅವಳ ಕಾಲನ್ನೇ ನೋಡುತ್ತಿದ್ದಳು.

ನಾನೂ ನೋಡಿದೆ. ಎರಡೂ ಪಾದ ನೆಲದ ಮೇಲೆ ಊರಿದ್ದವು. ಗುಂಡಿಯ ತಳದಲ್ಲಿ ಹೊಸ ಕೆಂಪು ಮಣ್ಣು, ದಮ್ಮಸು ಹಾಕಿ ಸಗಣಿ ಸಾರಿಸಿದ್ದು, ಒಂದು ಗೇಣಿನಷ್ಟು.

"ಅಪ್ಪ ಒಪ್ಪಿದ್ನಾ?" ಎಂದು ಕೇಳಿದೆ.

"ಅಪ್ಪ ಎಲ್ಲಿ ಒಪ್ತಾನೆ" ಎಂದಳು, ಲಾಳಿ ನಿಲ್ಲಿಸದೆ. "ಯಜಮಾನಪ್ಪನೇ ಬಂದು ಮೊದಲ ಬುಟ್ಟಿ ಸುರಿದ. ಗುಂಡಿಗೆ ಮಣ್ಣು ಬೀಳ್ಬೇಕು ಅಂದಿದ್ನಲ್ಲ."