ಸ್ಪ್ರಿಂಟ್ ಬೇಕೋ ಬೇಡವೋ: ಯಲ್ಲಾಪುರದಲ್ಲೊಂದು ತಾಳಮದ್ದಳೆ

ಮೊದಲಿಗೆ ವಂದನೆ. ಮಾತು ಕೊಟ್ಟ ಗುರುಗಳಿಗೆ, ಕೇಳುವ ಕಿವಿ ಕೊಟ್ಟ ದೇವರಿಗೆ, ಈ ಪ್ರಾಯದಲ್ಲೂ ಓಡುವ ಕಾರುಗಳ ಹಿಂದೆ ಓಡುವಷ್ಟು ಕಣ್ಣಬೆಳಕನ್ನು ಉಳಿಸಿರುವ ಶಿರಸಿಯ ಅಮ್ಮನಿಗೆ, ಮತ್ತು (ಸಂಕೋಚವಿಲ್ಲದೆ ಹೇಳುತ್ತೇನೆ) ಚಕ್ರವನ್ನು ಮೊಟ್ಟಮೊದಲು ಉರುಳಿಸಿದ ಆ ಹೆಸರಿಲ್ಲದ ಪುಣ್ಯಾತ್ಮನಿಗೆ ನನ್ನ ಕೃತಜ್ಞತೆಯ ನಮಸ್ಕಾರ. ಆತ ಸುಮ್ಮನೆ ಕುಳಿತಿದ್ದರೆ ಕಳೆದ ಭಾನುವಾರ ಯಲ್ಲಾಪುರದಲ್ಲಿ ಆ ಮಹಾವಾದ ನಡೆಯುತ್ತಲೇ ಇರಲಿಲ್ಲ.

ವಾದದ ವಿಷಯ? ಗ್ರ್ಯಾಂಡ್ ಪ್ರಿ ಕಾರ್ ರೇಸು.

ಓದುಗರು ಹುಬ್ಬೇರಿಸುವುದು ನನಗಿಲ್ಲಿಂದಲೇ ಕಾಣುತ್ತಿದೆ. ಜೀವನಪೂರ್ತಿ ಪಾಠಶಾಲೆಯಲ್ಲಿ ವ್ಯಾಕರಣ ಹೇಳಿದವನಿಗೆ, ತಾಳಮದ್ದಳೆಯ ಕೂಟಗಳಲ್ಲಿ ಅರ್ಥ ಹೇಳಿ ಗಂಟಲು ಸವೆಸಿದವನಿಗೆ, ಇದೆಂಥ ಹುಚ್ಚು? ನಾನೂ ಮೊದಲು ಹೀಗೆಯೇ ಕೇಳಿದ್ದೆ. ಒಂದೇ ದಾರಿಯಲ್ಲಿ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುವುದಕ್ಕೆ ಇಷ್ಟೊಂದು ಅವಸರವೇಕೆ ಎಂದು. ಆದರೆ ಒಂದು ಸಂಜೆ ಪರದೆಯ ಮೇಲೆ, ಓಟದ ನಡುವೆ ಕಾರು ಬಂದು ನಿಲ್ಲುವ ಪಿಟ್‌ನಲ್ಲಿ ಚಕ್ರ ಬದಲಿಸುವುದನ್ನು ಕಂಡೆ. ಕಾರು ಬಂದು ನಿಂತಿತು. ಸುತ್ತ ಅಷ್ಟೊಂದು ಜನ. ಒಬ್ಬನ ಕೈ ಇನ್ನೊಬ್ಬನಿಗೆ ತಗಲಲಿಲ್ಲ, ಒಬ್ಬನೂ ಬಾಯಿ ಬಿಡಲಿಲ್ಲ. ನಾನು ಉಸಿರು ಬಿಡುವುದರೊಳಗೆ ನಾಲ್ಕೂ ಚಕ್ರ ಬದಲಾಗಿ ಕಾರು ಹೊರಟೇ ಹೋಗಿತ್ತು. ಯಾಗಶಾಲೆಯಲ್ಲಿ ಒಬ್ಬೊಬ್ಬ ಋತ್ವಿಜನಿಗೂ ಒಂದೊಂದೇ ಕೆಲಸವನ್ನು ಹಿರಿಯರು ಯಾಕೆ ನೇಮಿಸಿದರೆಂಬುದು ನನಗೆ ಅಂದು ಹೊಸದಾಗಿ ಅರ್ಥವಾಯಿತು. ಅಲ್ಲಿಂದ ನಾನು ಕೆಟ್ಟೆ.

ನನ್ನನ್ನು ಕೆಡಿಸಿದವಳು ಮಧುರಾ. ನನ್ನ ಹೆಂಡತಿ ಸಾವಿತ್ರಿಯ ತಂಗಿಯ ಮಗಳು, ದೊಡ್ಮನೆ ಊರಿನವಳು, ಸಿದ್ದಾಪುರದಲ್ಲಿ ದನಗಳ ಡಾಕ್ಟರು. ರೇಸಿರುವ ಭಾನುವಾರ ಆಕೆ ಸಿದ್ದಾಪುರದಿಂದ ಕಾರು ಹೊಡೆದುಕೊಂಡು ಶಿರಸಿಗೆ ಬಂದು, ನಮ್ಮಿಬ್ಬರನ್ನೂ ಹತ್ತಿಸಿಕೊಂಡು, ಯಲ್ಲಾಪುರಕ್ಕೆ ಹೊರಡುತ್ತಾಳೆ. (ಉಮ್ಮಚಗಿಯ ಆಚೀಚೆ ತಿರುವುಗಳಲ್ಲಿ ಆಕೆ ರಸ್ತೆಯ ಯಾವ ಅಂಚಿನಿಂದ ಯಾವ ಅಂಚಿಗೆ ಜಾರುತ್ತಾಳೆಂಬುದನ್ನು ನಾನು ಕಣ್ಣು ಮುಚ್ಚಿ ಜಪ ಮಾಡುತ್ತಲೇ ಅನುಭವಿಸುತ್ತೇನೆ.)

ಯಲ್ಲಾಪುರದಲ್ಲಿರುವುದು ಸಲೀಂ ಅವರ ಟ್ರಾನ್ಸ್‌ಪೋರ್ಟ್ ಆಫೀಸು. ಅವರ ತಂದೆಯ ಕಾಲದಿಂದ ಲಾರಿಗಳ ಮನೆತನ. ಆಫೀಸಿನ ಹಿಂದಿನ ಗೋಡೌನಿನಲ್ಲಿ ಒಂದು ಗೋಡೆಗೆ ಬಿಳಿ ಬಣ್ಣ ಬಳಿದು, ಪ್ರಾಜೆಕ್ಟರ್ ಹಾಕಿ, ಟೈರುಗಳನ್ನು ಅಡ್ಡ ಮಲಗಿಸಿ ಕೂರಲು ಆಸನ ಮಾಡಿದ್ದಾರೆ. ಪ್ರಾಜೆಕ್ಟರ್ ಅವರದು. ರೇಸು ತೋರಿಸುವ ಆ್ಯಪ್‌ನ ಚಂದಾ ಮಧುರಾಳ ಫೋನಿನಲ್ಲಿ. ತಿನ್ನಲು ಕಾಗದದಷ್ಟು ತೆಳ್ಳನೆಯ ಸಿಹಿ ತೊಡದೇವು ಸಾವಿತ್ರಿಯದು. ನನ್ನದು ಏನೂ ಇಲ್ಲ, ಬರೀ ಭಕ್ತಿ.

ಸೂರ್ಯಾಸ್ತದ ಹೊತ್ತಿಗೆ ಓಟದ ನಡುವೆಯೇ ನಾನು ಬಾವಿಕಟ್ಟೆಗೆ ಸಂಧ್ಯಾವಂದನೆಗೆ ಹೋಗುತ್ತೇನೆ, ಸಲೀಂ ಪಕ್ಕದ ಕೋಣೆಗೆ ನಮಾಜಿಗೆ ಹೋಗುತ್ತಾರೆ. ಮರಳಿ ಬಂದವರಿಗೆ ನಡೆದದ್ದನ್ನು ವರದಿ ಮಾಡುವ ಹೊಣೆ ಸಾವಿತ್ರಿಯದು. ನೀಲಿಯದು ಪಾಪ ಮಣ್ಣಿಗೆ ಹೋಯಿತು, ಹಸಿರಿನವನಿಗೆ ಯಾರೋ ಬೈದರು, ಎಂಬಷ್ಟರಲ್ಲಿ ಆಕೆಯ ವರದಿ ಮುಗಿಯುತ್ತದೆ. ಇದಕ್ಕಿಂತ ಸುಖದ ಭಾನುವಾರ ಯಾರಿಗುಂಟು?

ಅಂಥ ಭಾನುವಾರಕ್ಕೆ ಕಲ್ಲು ಬಿತ್ತು. ಬೀಳಿಸಿದ್ದು ಸ್ಪ್ರಿಂಟ್.

ಗೊತ್ತಿಲ್ಲದವರಿಗೆ ಒಂದು ಮಾತು. ಪೂರ್ಣ ಓಟ ಭಾನುವಾರದ್ದು. ಈಚಿನ ವರ್ಷಗಳಲ್ಲಿ ಕೆಲವು ವಾರ ಶನಿವಾರವೂ ಒಂದು ಪುಟ್ಟ ಓಟ ಇಡುತ್ತಾರೆ. ಅದೇ ಸ್ಪ್ರಿಂಟ್. ಮಧುರಾಳಿಗೆ ಅದು ನೈವೇದ್ಯಕ್ಕೆ ಮೊದಲೇ ಎಲೆ ಹಾಕಿ ಬಡಿಸಿದಂತೆ. ಆಕೆಗೆ ಬೇಕಾದದ್ದು ಹಳೆಯ ಕ್ರಮ, ಕಾಡಿನ ನಡುವೆ ಏರಿ ಇಳಿಯುವ ಹಳೆಯ ಟ್ರ್ಯಾಕು, ಹಳೆಯ ಎಂಜಿನ್ನಿನ ಗರ್ಜನೆ. ಸಲೀಂ ಅವರಿಗೋ ಹೊಸದೆಲ್ಲ ಬೇಕು: ಸ್ಪ್ರಿಂಟೂ ಬೇಕು, ಊರ ನಡುವಿನ ಬೀದಿಯಲ್ಲಿ ದೀಪ ಹಾಕಿ ಓಡಿಸುವ ರೇಸೂ ಬೇಕು, ಬ್ಯಾಟರಿಯಲ್ಲಿ ಓಡುವ ಕಾರೂ ಬೇಕು. ಅರವತ್ತು ದಾಟಿದವರು ಹೊಸದರ ಪರ, ಮೂವತ್ತು ದಾಟಿದವಳು ಹಳೆಯದರ ಪರ. ಕಲಿಗಾಲವೆಂದರೆ ಇದೇ ಅಲ್ಲವೆ?

ಹಿಂದಿನ ರೇಸಿನ ದಿನ ಮಾತಿಗೆ ಮಾತು ಬೆಳೆಯಿತು. ನಿಮ್ಮಂಥವರ ಮಾತು ಕೇಳಿದರೆ ರೇಸು ಮ್ಯೂಸಿಯಂ ಆಗುತ್ತದೆ ಎಂದರು ಸಲೀಂ. ನಿಮಗೆ ಬೇಕಾದದ್ದು ರೇಸಲ್ಲ, ಸಂತೆ ಎಂದಳು ಮಧುರಾ. ಸಂತೆ ಎಂಬ ಮಾತು ಅವರಿಗೆ ನಾಟಿತು. ಸ್ಪ್ರಿಂಟ್ ಬೇಡವಾದವರಿಗೆ ನನ್ನ ಗೋಡೆಯೂ ಬೇಡ ಎಂದು ಪ್ರಾಜೆಕ್ಟರಿಗೆ ಬಟ್ಟೆ ಹೊದಿಸಿಬಿಟ್ಟರು. ಹಾಗಾದರೆ ನನ್ನ ಚಂದಾ ನನ್ನ ಫೋನಿನಲ್ಲೇ ಇರಲಿ ಎಂದು ಈಕೆ ಎದ್ದಳು.

ಮರಳುವ ದಾರಿಯಲ್ಲಿ ಕಾರು ನಿಧಾನವಾಗಿ ಹೋಯಿತು. ನನಗೆ ಆಗಲೇ ಭಯವಾಯಿತು.

"ದೊಡ್ಡಪ್ಪ, ಆನು ಇನ್ನು ಯಲ್ಲಾಪುರಕ್ಕೆ ಬರ್ತ್ನಿಲ್ಲೆ," ಎಂದಳು. "ಸಲೀಂ ಕಾಕಾ ಬೇಕಾರೆ ಬರೀ ಗೋಡೆ ನೋಡ್ಕಂಡು ಕೂರ್ಲಿ."

ಸಲೀಂ ಇನ್ನೊಂದು ಚಂದಾ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುವಿರಿ. ಕೊಳ್ಳಬಹುದಿತ್ತು. ಆದರೆ ಅದು ಸೋತಂತೆ. ಮಧುರಾ ನಮಗೆ ಫೋನಿನಲ್ಲೇ ತೋರಿಸಬಹುದಿತ್ತಲ್ಲ? ಹಳೆಯ ಓಟವೊಂದನ್ನು ಹಾಗೆ ತೋರಿಸಿದಳು. ಎಳ್ಳುಕಾಳಿನಷ್ಟು ಕಾರುಗಳು. ಯಾವುದು ಮುಂದೆ, ಯಾವುದು ಹಿಂದೆ ಎಂದು ಕೇಳಿದರೆ ಕನ್ನಡಕ ಬದಲಿಸಿ ಎಂಬ ಉತ್ತರ. ಮೂರು ತಾಲ್ಲೂಕುಗಳು ಸೇರಿ ಕಟ್ಟಿದ ಒಂದು ಸಂಜೆ ಹೀಗೆ ಮುರಿದು ಬೀಳುವುದನ್ನು ನೋಡಿಕೊಂಡಿರಲು ನನ್ನಿಂದಾಗಲಿಲ್ಲ. (ಪರೋಪಕಾರವೆಂದು ತಿಳಿಯಬೇಡಿ. ನನಗೆ ರೇಸು ಬೇಕಿತ್ತು.)

ಸಲೀಂ ಅವರಿಗೆ ಫೋನು ಮಾಡಿದೆ. ಜಗಳ ಆಡುವುದೇ ಆದರೆ ಕ್ರಮವಾಗಿ ಆಡೋಣ ಎಂದೆ. ನಮ್ಮ ಸೀಮೆಯಲ್ಲಿ ಜಗಳಕ್ಕೊಂದು ಶಾಸ್ತ್ರವಿದೆಯಲ್ಲ, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಬರೀ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಮುಂದಿನ ರೇಸಿನ ದಿನವೇ ಮಧ್ಯಾಹ್ನ, ಅದೇ ಗೋಡೌನಿನಲ್ಲಿ ಕೂಟ.

"ಮಾಸ್ತರ್ರೆ, ನೀವು ಹೇಳಿದ ಮ್ಯಾಲೆ ಆತು ಬಿಡ್ರಿ," ಎಂದರು. "ಆದ್ರ ಪ್ರಾಜೆಕ್ಟರ್ ಮಾತ್ರ ಹಚ್ಚೂದಿಲ್ಲ ನೋಡ್ರಿ."

ಮಧುರಾಳೂ ಒಪ್ಪಿದಳು. ಫೋನು ಬ್ಯಾಗಿನಿಂದ ಹೊರಗೆ ಬಾರದು ಎಂಬ ಷರತ್ತಿನ ಮೇಲೆ.

ಭಾನುವಾರ ಬಂತು. ಕಿರವತ್ತಿಯ ಢಾಬಾಗಳಲ್ಲಿ ಊಟಕ್ಕೆ ನಿಂತಿದ್ದ ಸಲೀಂ ಅವರ ಡ್ರೈವರುಗಳೂ ಸುದ್ದಿ ತಿಳಿದು ಬಂದು ಟೈರುಗಳ ಮೇಲೆ ಕುಳಿತರು. ಸಾವಿತ್ರಿಯದೇ ಭಾಗವತಿಕೆ. ಮದ್ದಳೆಯ ಬದಲು ಖಾಲಿ ಆಯಿಲ್ ಡಬ್ಬ. ನಾನು ದೀಪ ಹಚ್ಚಿ, ಗುರುಸ್ಮರಣೆ ಮಾಡಿ, ಪಾತ್ರಗಳನ್ನು ಸಾರಿದೆ.

ಇಲ್ಲಿಯೇ ನನ್ನಿಂದ ಪ್ರಮಾದವಾಯಿತು. ನೋಡಿ, ಕೂಟದಲ್ಲಿ ಪಾತ್ರ ಹಂಚುವುದಕ್ಕೆ ಒಂದು ರೂಢಿಯಿದೆ. ವಯಸ್ಸಾದವರಿಗೆ ಹಿರಿಯ ಪಾತ್ರ, ಕಿರಿಯರಿಗೆ ಕಿರಿಯ ಪಾತ್ರ. ಆ ರೂಢಿ ನನ್ನ ನಾಲಿಗೆಯಲ್ಲಿ ಎಷ್ಟು ಕಾಲದಿಂದ ಕುಳಿತಿದೆಯೆಂದರೆ ಅದಕ್ಕೆ ನನ್ನ ಅಪ್ಪಣೆಯೇ ಬೇಕಾಗಿಲ್ಲ. ಎದುರಿಗೆ ಸಲೀಂ ಅವರ ನೆರೆತ ಗಡ್ಡ ಕಂಡಿತು. ಹಳೆಯ ಪದ್ಧತಿಯ ಪಾತ್ರ ಸಲೀಂ ಅವರದು ಎಂದುಬಿಟ್ಟೆ. ಹೊಸ ಪದ್ಧತಿಯದು ಮಧುರಾಳದು. ಸಾವಿತ್ರಿ ಡಬ್ಬ ಬಡಿದು ಸ್ತುತಿಪದ್ಯ ಎತ್ತಿಯೇಬಿಟ್ಟಳು.

ಇಬ್ಬರೂ ನನ್ನ ಮುಖ ನೋಡಿದರು. ನಾನು ದೀಪ ನೋಡಿದೆ.

ಮಾಸ್ತರರೇ, ಅದಲುಬದಲಾಯಿತಲ್ಲ ಎಂದು ಸಲೀಂ ಮೆಲ್ಲಗೆ ಗೊಣಗಿದರು. ಆದರೆ ಪದ್ಯ ಎದ್ದ ಮೇಲೆ ಪಾತ್ರ ಬದಲಿಸುವ ಕ್ರಮ ನಮ್ಮಲ್ಲಿಲ್ಲ. ನಿನ್ನೆ ದೇವರಾಗಿ ಕುಳಿತವನು ಇಂದು ರಾಕ್ಷಸನಾಗಿ ಕುಳಿತರೆ, ರಾಕ್ಷಸನನ್ನೇ ಗೆಲ್ಲಿಸಲು ನೋಡಬೇಕು. ಅರೆಮನಸ್ಸಿನಿಂದ ಮಾತಾಡಿದರೆ ಸಭೆಗೆ ಅಪಚಾರ. ಯಲ್ಲಾಪುರದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಸಲೀಂ ಮುಂಡಾಸಿನಂತೆ ಹೆಗಲ ಟವೆಲನ್ನು ತಲೆಗೆ ಸುತ್ತಿಕೊಂಡರು.

ಮೊದಮೊದಲು ಎತ್ತಿನ ಗಾಡಿಯಂತೆ ನಡೆಯಿತು. ಹಳೆಯ ಟ್ರ್ಯಾಕು ಯಾಕೆ ಒಳ್ಳೆಯದೆಂದರೆ, ಅದು ಹಳೆಯದು, ಎಂಬಲ್ಲಿಗೆ ಸಲೀಂ ಅವರ ಸರಕು ಮುಗಿಯಿತು. ಡ್ರೈವರುಗಳು ನಕ್ಕರು. ಆ ನಗು ಅವರಿಗೆ ತಾಗಿತು. ಆಮೇಲೆ ಹೊರಟಿತು ನೋಡಿ ಮಾತು, ಅರಬೈಲ್ ಘಟ್ಟದಿಂದ. ತಂದೆಯ ಪಕ್ಕದಲ್ಲಿ ಕುಳಿತು ಆ ಘಟ್ಟ ಇಳಿದ ದಿನಗಳಿಂದ.

"ಘಟ್ಟದಾಗ ತಪ್ಪು ಮಾಡಿದ್ರ ಘಟ್ಟ ಬಿಡೂದಿಲ್ರಿ ಡಾಕ್ಟ್ರಮ್ಮ. ಅದಕ್ಕ ನಮ್ಮಪ್ಪಗ ಸ್ಟೇರಿಂಗ್ ಹಿಡಿಯೂದು ಬಂತು. ಹಳೇ ಟ್ರ್ಯಾಕಿನ್ಯಾಗ ಬದಿಗೆ ಜಲ್ಲಿ ಐತಿ, ಜಾರಿದಾಂವ ಅಲ್ಲೇ ಹೂತ. ನಿಮ್ಮ ಹೊಸಾದರಾಗ? ಸುತ್ತಲೂ ಡಾಂಬರ್ ಹಾಸ್ಯಾರ. ತಪ್ಪು ಮಾಡಿದಾಂವ ಅಡ್ಡಾಡಿ ಬಂದಂಗ ಬಂದು ಮತ್ತ ರೇಸಿಗೆ ನಿಂತ. ತಪ್ಪಿಗೆ ಬೆಲೀನ ಇಲ್ಲಂದ್ರ ಕಲಿಯೂದರೆ ಯಾಕ್ರಿ?"

ಡ್ರೈವರುಗಳು ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಲಿಲ್ಲ. ಎಂಜಿನ್ನಿನ ಸದ್ದಿಗೆ ಬಂದರು. ಸದ್ದು ಕೇಳಿಯೇ ಅದರ ಹೊಟ್ಟೆನೋವು ಎಲ್ಲಿದೆಯೆಂದು ಹೇಳಬಲ್ಲೆ, ನಾಳೆ ಎಲ್ಲ ಬ್ಯಾಟರಿಯಾದರೆ ಕಿವಿಯನ್ನು ಏನು ಮಾಡಲಿ ಎಂದು ಸಭೆಯನ್ನೇ ಕೇಳಿದರು.

"ಹೊಟ್ಟೆನೋವು ನನ್ನ ಡಿಪಾರ್ಟ್‌ಮೆಂಟು ಕಾಕಾ," ಎಂದಳು ಮಧುರಾ. "ನನ್ನ ಹತ್ರ ಬರೋ ದನಗಳೂ ಬಾಯಿ ಬಿಟ್ಟು ಹೇಳೋದಿಲ್ಲ. ನಾವೇ ತಿಳ್ಕಳ್ಳೋದು ಕಲಿಬೇಕು."

ಇನ್ನು ಈಕೆಯ ಸರದಿ. ಸ್ಪ್ರಿಂಟನ್ನು ಹೊಗಳುವಾಗ ಮುಖ ಕಷಾಯ ಕುಡಿದಂತಿತ್ತು. ಆದರೆ ಟ್ರ್ಯಾಕಿನ ಮಾತಿಗೆ ಬಂದಾಗ ಅವಳ ಧ್ವನಿ ಬದಲಾಯಿತು. ಹಳೆಯ ಟ್ರ್ಯಾಕುಗಳೆಲ್ಲ ಎಲ್ಲಿವೆ ಎಂದು ಕೇಳಿದಳು. ಹೆಚ್ಚಿನವು ಯುರೋಪಿನಲ್ಲಿ. ನಮ್ಮ ದೇಶದಲ್ಲಿ ದೆಹಲಿಯ ಬಳಿ ಒಂದು ಕಟ್ಟಿದರು, ಕೆಲವು ವರ್ಷ ಓಡಿಸಿದರು, ನಿಂತುಹೋಯಿತು.

"ಹಳೇದಷ್ಟೇ ಸಾಕು ಅಂದ್ರೆ ರೇಸು ನಮ್ಮಲ್ಲಿಗೆ ಯಾವತ್ತೂ ಬರೋದಿಲ್ಲ ಕಾಕಾ. ಅವರ ಅಂಗಳ ಅವರಿಗೆ, ಈ ಗೋಡೆ ನಮಗೆ. ಅಷ್ಟೇ ಸಾಕಾ ನಿಮಗೆ?"

ತೊಡದೇವು ಮುರಿಯುವ ಸದ್ದೂ ನಿಂತಿತ್ತು. ಸಾವಿತ್ರಿ ಡಬ್ಬ ಬಡಿಯುವುದನ್ನೇ ಮರೆತಳು.

ನನ್ನ ಕಣ್ಣು ಮಾತ್ರ (ಗುರುಗಳು ಕ್ಷಮಿಸಬೇಕು) ಗಡಿಯಾರದ ಮೇಲಿತ್ತು. ಅಲ್ಲಿ ಯುರೋಪಿನಲ್ಲಿ ಕಾರುಗಳು ಸಾಲಾಗಿ ನಿಲ್ಲುವ ಹೊತ್ತು ಹತ್ತಿರವಾಗುತ್ತಿತ್ತು. ಇಲ್ಲಿ ಬಟ್ಟೆ ಹೊದ್ದ ಪ್ರಾಜೆಕ್ಟರು, ಬ್ಯಾಗಿನಲ್ಲಿ ಮಲಗಿದ ಫೋನು.

ಸೋಲುವ ಪಕ್ಷಕ್ಕೆ ಹಟ ಹೆಚ್ಚು. ಸಲೀಂ ಟವೆಲು ಬಿಗಿದುಕೊಂಡು, ಹಳೆಯ ಟ್ರ್ಯಾಕಿನ ತಿರುವಿನಲ್ಲಿ ಹೋದ ವರ್ಷ ಒಬ್ಬ ಹುಡುಗ ಒದ್ದೆ ರಸ್ತೆಯಲ್ಲಿ ಹೊರಗಿನಿಂದ ಓವರ್‌ಟೇಕ್ ಮಾಡಿದನಲ್ಲ, ಅಂಥದೊಂದನ್ನು ನಿಮ್ಮ ದೀಪದ ಬೀದಿಯಲ್ಲಿ ತೋರಿಸಿ ಎಂದು ಗುಡುಗಿದರು. ಹೊರಗಿನಿಂದಲ್ಲ, ಒಳಗಿನಿಂದ ಎಂದಳು ಈಕೆ. ಹೊರಗಿನಿಂದ. ಒಳಗಿನಿಂದ. ಸಭೆ ಎರಡು ಪಾಲಾಯಿತು. ಕೊನೆಗೆ ತಡೆಯಲಾರದೆ ಮಧುರಾ ಬ್ಯಾಗಿಗೆ ಕೈ ಹಾಕಿ, ಫೋನು ತೆಗೆದು, ಆ ತುಣುಕನ್ನು ಹಚ್ಚಿ ಸಲೀಂ ಅವರ ಮೂಗಿನ ಮುಂದೆ ಹಿಡಿದಳು.

ಹಿಂದಿನ ಟೈರಿನವರು ತಮಗೆ ಕಾಣುವುದಿಲ್ಲ ಎಂದು ತಕರಾರು ಎತ್ತಿದರು. ಸಭೆಗೆ ಕಾಣದ ಸಾಕ್ಷ್ಯ ಸಾಕ್ಷ್ಯವೇ ಅಲ್ಲ ಎಂದೆ ನಾನು, ಪರಮ ಗಾಂಭೀರ್ಯದಿಂದ. ಸಲೀಂ ಎದ್ದು ಹೋಗಿ ಬಟ್ಟೆ ಎಳೆದು ಪ್ರಾಜೆಕ್ಟರ್ ಹಚ್ಚಿದರು, ಮಧುರಾ ಫೋನನ್ನು ಅದಕ್ಕೆ ಜೋಡಿಸಿದಳು. ತಾವು ಏನು ಮಾಡುತ್ತಿದ್ದೇವೆಂದು ಇಬ್ಬರಿಗೂ ಪರಿವೆಯಿರಲಿಲ್ಲ. ಗೋಡೆಯ ತುಂಬ ಕಾರುಗಳು ಬಂದವು. ಒಮ್ಮೆ ನೋಡಿದರು, ಹಿಂದೆ ತಿರುಗಿಸಿ ಮತ್ತೆ ನೋಡಿದರು, ಬ್ರೇಕು ಯಾರು ಮೊದಲು ಹಿಡಿದರೆಂದು ಗೋಡೆಗೆ ಬೆರಳು ಊರಿ ಜಗಳಾಡಿದರು. ನಾನು ಮೆಲ್ಲನೆ ಮಧುರಾಳ ಕೈಯಿಂದ ಫೋನು ತೆಗೆದುಕೊಂಡು, ಆಕೆ ಹಿಂದೊಮ್ಮೆ ಕಲಿಸಿದ್ದಂತೆ, ಲೈವ್ ಎಂದಿದ್ದಲ್ಲಿ ಒತ್ತಿದೆ. ದೇವರ ಪ್ರಸಾದವನ್ನು ಕದ್ದು ತಿಂದರೂ ಅದು ಪ್ರಸಾದವೇ ಅಲ್ಲವೆ?

"ಅಲ್ಲಿ ದೀಪ ಹತ್ತಿದ್ವು," ಎಂದಳು ಸಾವಿತ್ರಿ. "ಸುಮ್ನಿರಿ ಎಲ್ಲರೂವ."

ಕೆಂಪು ದೀಪಗಳು ಒಂದೊಂದಾಗಿ ಹತ್ತಿದವು. ದೀಪಗಳು ಆರಿದವು, ಕಾರುಗಳು ನುಗ್ಗಿದವು. ಸಲೀಂ ಮತ್ತು ಮಧುರಾ ಎಲ್ಲಿ ನಿಂತಿದ್ದರೋ ಅಲ್ಲೇ, ಒಂದೇ ಟೈರಿನ ಮೇಲೆ, ಕುಸಿದು ಕುಳಿತರು. ನನ್ನ ಎದೆಯೊಳಗೆ ಎಷ್ಟು ಸಿಲಿಂಡರು ಹೊಡೆದುಕೊಂಡವೋ ಬಲ್ಲವರು ಹೇಳಬೇಕು.

ಹಾಗಾದರೆ ರಾಜಿಯಾಯಿತೆ? ಅಯ್ಯೋ, ಎಲ್ಲಿಯ ರಾಜಿ!

ಓಟ ಮುಗಿದು ಮೆಟ್ಟಿಲಿಳಿಯುವಾಗ ಮಧುರಾ, ಮುಂದಿನ ಸಲ ಸ್ಪ್ರಿಂಟ್ ಇದೆ, ಶನಿವಾರವೇ ಬರುತ್ತೇನೆ ಎಂದಳು. ಹೊಸ ಊರುಗಳಿಗೆ ರೇಸು ಹೋಗಲೇಬೇಕು, ಜನ ಸೇರಲೇಬೇಕು ಎಂದು ಅಲ್ಲಿಯೇ ಇನ್ನೊಂದು ಭಾಷಣ. ಸಲೀಂ ತಲೆಯ ಟವೆಲು ಇನ್ನೂ ಬಿಚ್ಚಿರಲಿಲ್ಲ. ಶನಿವಾರದ ಓಟವೆಂದರೆ ದೊಡ್ಡ ಓಟಕ್ಕೆ ಅವಮಾನ, ಅದನ್ನು ನಿಲ್ಲಿಸಲೇಬೇಕು ಎಂದರು. ನಾನು ದಂಗಾಗಿ ನಿಂತೆ. ಇಬ್ಬರೂ ಪಾತ್ರ ಬಿಟ್ಟು ಹೊರಗೆ ಬಂದಿರಲೇ ಇಲ್ಲ! ಒಬ್ಬರನ್ನೊಬ್ಬರು ಸೋಲಿಸಲು ಹೊರಟವರು ತಮ್ಮತಮ್ಮ ಮಾತಿಗೇ ಸೋತು, ಜಗಳವನ್ನು ಪೂರ್ತಿ ಮಗುಚಿ ಹಾಕಿಕೊಂಡು, ಅಷ್ಟೇ ಬಿಸಿಯಾಗಿ ಮುಂದುವರಿಸಿದ್ದರು.

ಶನಿವಾರದ ಓಟ ಬೇಡವೆನ್ನುವವರು ಶನಿವಾರ ಬಾಗಿಲು ತೆರೆಯುವಿರಾ ಎಂದು ನಾನು ಅಂಜುತ್ತಲೇ ಕೇಳಿದೆ.

"ತೆರೀದೆ ಹ್ಯಾಂಗ್ರಿ ಮಾಸ್ತರ್ರೆ? ಎಷ್ಟು ಕೆಟ್ಟದೈತಿ ಅಂತ ಪೂರಾ ನೋಡಿದ ಮ್ಯಾಲೇ ಬಯ್ಯಬೇಕಲ್ಲ."

ಮರಳುವಾಗ ಕಾರು ತಿರುವುಗಳಲ್ಲಿ ಮತ್ತೆ ಈ ಅಂಚಿನಿಂದ ಆ ಅಂಚಿಗೆ ಜಾರಿತು. ನಾನು ಈ ಸಲ ಕಣ್ಣು ತೆರೆದೇ ಜಪ ಮಾಡಿದೆ.

ಓಡಿದವರಿಗೂ, ಜಲ್ಲಿಯಲ್ಲಿ ಹೂತವರಿಗೂ, ಮಾತಾಡದೆ ಚಕ್ರ ಬದಲಿಸಿದ ಕೈಗಳಿಗೂ, ಟೈರಿನ ಮೇಲೆ ಕುಳಿತು ಚಪ್ಪಾಳೆ ತಟ್ಟಿದವರಿಗೂ, ಆಯಿಲ್ ಡಬ್ಬ ಬಡಿದ ನನ್ನ ಸಹಧರ್ಮಿಣಿಗೂ ದೇವರು ಆಯುರಾರೋಗ್ಯ ಕೊಡಲಿ. ಸಲೀಂ ಮತ್ತು ಮಧುರಾಳಿಗೆ ಮಾತ್ರ ಇನ್ನೊಂದು ಆಶೀರ್ವಾದ ಹೆಚ್ಚಿಗೆ: ಇಬ್ಬರಲ್ಲಿ ಯಾರೂ, ಯಾವ ಕಾಲಕ್ಕೂ, ಪೂರ್ತಿಯಾಗಿ ಗೆಲ್ಲದಿರಲಿ.