ನಾಲ್ಕನೆಯ ಸಂಜೆಯ ಮೊಹರು

ಬೋನ್ಸುಮ್ ಊರಿನ ಹಿಸ್ಕೆಗೆ ನಾಲ್ಕು ಮಕ್ಕಳು, ಎರಡು ಕೈ. ಈ ಲೆಕ್ಕ ಎಂದೂ ತಾಳೆಯಾಗುವುದಿಲ್ಲ ಅನ್ನುವುದನ್ನು ಮೂರನೆಯದು ಹುಟ್ಟಿದ ವಾರವೇ ಅವಳು ಒಪ್ಪಿಕೊಂಡಿದ್ದಳು. ಗಂಡ ಮೈಂಡರ್ಟ್‌ನ ಕೈಗಳನ್ನು ಸೇರಿಸಿಕೊಂಡರೆ ತಾಳೆಯಾಗಬೇಕು. ಆದರೆ ಅವನದು ಹೂಳೆತ್ತುವ ಹಡಗಿನಲ್ಲಿ ಕೆಲಸ. ಎರಡು ವಾರ ಸಮುದ್ರದಲ್ಲಿ, ಎರಡು ವಾರ ಮನೆಯಲ್ಲಿ. ಮಕ್ಕಳಿಗೆ ಜ್ವರ ಬರುವುದು, ತಲೆಯಲ್ಲಿ ಹೇನು ಬೀಳುವುದು, ಶಾಲೆಯ ನಾಟಕಕ್ಕೆ ಕಪ್ಪೆಯ ವೇಷ ಹೊಲಿಯಬೇಕಾಗಿ ಬರುವುದು ಎಲ್ಲವೂ ಅವನು ಸಮುದ್ರದಲ್ಲಿರುವ ವಾರಗಳಲ್ಲೇ. ಮನೆಯಲ್ಲಿರುವ ವಾರಗಳಲ್ಲಿ ಮಕ್ಕಳು ದೇವತೆಗಳಂತಿರುತ್ತಿದ್ದವು. ಹೆಂಡತಿ ಯಾತಕ್ಕೆ ಇಷ್ಟು ಸುಸ್ತಾಗುತ್ತಾಳೆ ಎಂದು ಅವನು ನಿಜವಾಗಿಯೂ ಚಿಂತೆ ಮಾಡುತ್ತಿದ್ದ.

ಜೂನ್ ತಿಂಗಳ ನಾಲ್ಕು ಸಂಜೆಯ ನಡಿಗೆಯೂ ಅವನಿಲ್ಲದ ವಾರದಲ್ಲೇ ಬಂತು.

ಈ ನಡಿಗೆಯ ಬಗ್ಗೆ ಊರಿನವರಿಗೆ ಹೇಳಬೇಕಾದ್ದೇನೂ ಇಲ್ಲ. ಮಂಗಳವಾರದಿಂದ ಶುಕ್ರವಾರ, ದಿನಕ್ಕೆ ಐದು ಕಿಲೋಮೀಟರು, ಆರೂವರೆಗೆ ಹೊರಟು ಎಂಟೂವರೆಯೊಳಗೆ ಶಾಲೆಯಂಗಳಕ್ಕೆ ಮರಳಿ ಚೀಟಿಗೆ ಮೊಹರು ಒತ್ತಿಸಿಕೊಳ್ಳಬೇಕು. ನಾಲ್ಕು ಮೊಹರು ಬಿದ್ದರೆ ಪದಕ. ಮೂರು ಬಿದ್ದರೆ ಮನೆಗೆ. ನಾಲ್ಕು ವರ್ಷ ತುಂಬಿದ ಮಗು ಸ್ವಂತ ಕಾಲಲ್ಲೇ ನಡೆಯಬೇಕು, ಎತ್ತಿಕೊಳ್ಳುವಂತಿಲ್ಲ. ಮೊಹರಿನ ಮೇಜಿನ ಹಿಂದೆ ಕೂರುವವರು ನಿವೃತ್ತರಾದ ಹಿಲ್ಕೆಮಾ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಒಂದೇ ಒಂದು ಸಲ ನಿಯಮ ಸಡಿಲಿಸಿದ್ದರಂತೆ. ಆವತ್ತು ಪ್ರವಾಹ ಬಂದು ಮೇಜೇ ತೇಲಿಹೋಗಿತ್ತು.

ಹಿಸ್ಕೆ ಸ್ವತಃ ಒಂದು ಪದಕವನ್ನೂ ಕಂಡವಳಲ್ಲ. ಹಸು ಸಾಕಿದ ಮನೆಯ ಐದನೆಯ ಮಗಳು. ಊರ ಮಕ್ಕಳೆಲ್ಲ ಪುದೀನ ಮಿಠಾಯಿಯ ಕಡ್ಡಿ ಸಿಕ್ಕಿಸಿದ ನಿಂಬೆಹಣ್ಣು ಚೀಪುತ್ತ, ಹಾಡುತ್ತ ರಸ್ತೆಯಲ್ಲಿ ಹೋಗುವ ಹೊತ್ತಿಗೆ ಸರಿಯಾಗಿ ಅವರ ಮನೆಯಲ್ಲಿ ಹಾಲು ಕರೆಯುವ ಹೊತ್ತು. ಹಸುಗಳಿಗೆ ಪದಕದ ಹುಚ್ಚಿರಲಿಲ್ಲ. ಅದಕ್ಕೇ ಅವಳ ಮಕ್ಕಳು ನಡೆದೇ ನಡೆಯುತ್ತಿದ್ದವು. ಹತ್ತು ವರ್ಷದ ಯೆಲ್ಟೆಗೆ ಐದು ಪದಕ, ಎಂಟರ ನಿಂಕೆಗೆ ಮೂರು. ಆರು ವರ್ಷದ ಟೆಟ್ಟಾಗೆ ಸೊನ್ನೆ. ಹೋದ ವರ್ಷ ಮೂರು ಸಂಜೆ ನಡೆದು, ನಾಲ್ಕನೆಯ ದಿನ ಮೈತುಂಬ ಸೀತಾಳೆ ಸಿಡುಬು ಹೂವಿನಂತೆ ಎದ್ದಿತ್ತು. ಆವತ್ತು ಹಿಸ್ಕೆ ಹಾಸಿಗೆಯ ಪಕ್ಕ ಕೂತು, ಮುಂದಿನ ವರ್ಷ ಖಂಡಿತ ಎಂದು ಮಾತು ಕೊಟ್ಟಿದ್ದಳು. ದೊಡ್ಡವರು ಇಂಥ ಮಾತನ್ನು ಮರೆಯಲಿಕ್ಕೆಂದೇ ಕೊಡುವುದು. ಟೆಟ್ಟಾ ಅದನ್ನು ವರ್ಷವಿಡೀ ಜೋಪಾನ ಮಾಡಿದ್ದಳು.

ಮೊದಲ ಎರಡು ಸಂಜೆ ಹೇಗೋ ನಿಭಾಯಿಸಿದ್ದಾಯಿತು. ಹಿಸ್ಕೆ ವೃದ್ಧರ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂರು ಗಂಟೆಯವರೆಗೆ ದುಡಿದು, ಶಾಲೆಯಿಂದ ಮೂವರನ್ನೂ ಶಿಶುಮನೆಯಿಂದ ಒಬ್ಬನನ್ನೂ ಸೈಕಲ್ಲಿನ ಮುಂದಿನ ಮರದ ಪೆಟ್ಟಿಗೆಗೆ ತುಂಬಿಕೊಂಡು ಬಂದು, ಐದಕ್ಕೇ ಆಲೂಗಡ್ಡೆ ಬೇಯಿಸಿ ಸೊಪ್ಪು ಹಾಕಿ ಮಸೆದು ಬಡಿಸಿದಳು. ಐದು ಗಂಟೆಗೆ ಹಸಿವಿಲ್ಲ ಎಂದ ಮಕ್ಕಳೇ ಆರೂಮುಕ್ಕಾಲಿಗೆ, ಊರ ಗಡಿ ದಾಟುವ ಮುಂಚೆ, ಹಸಿವು ಎಂದವು. ಸಣ್ಣವ ಡೌವೆ ತಳ್ಳುಗಾಡಿಯಲ್ಲಿ ಮಹಾರಾಜನಂತೆ ಕೂತು, ದಾರಿಯುದ್ದಕ್ಕೂ ಬೇರೆಯವರ ಮಕ್ಕಳಿಗೆ ಬೇಗ ನಡೆಯಿರೆಂದು ಆಜ್ಞೆ ಮಾಡಿದ.

ಮೂರನೆಯ ಸಂಜೆ ಟೆಟ್ಟಾಳ ಬಲಗಾಲಿನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಮೊಹರು ಬಿದ್ದ ಮೇಲೇ ಅವಳು ಅದನ್ನು ಹೇಳಿದ್ದು. ಮನೆಗೆ ಬಂದು ಹಿಸ್ಕೆ ಅವಳನ್ನು ಕಕ್ಕಸಿನ ಮುಚ್ಚಳದ ಮೇಲೆ ಕೂರಿಸಿ ಕಾಲು ತೊಳೆಯುತ್ತಿದ್ದಾಗ, ಬಾಗಿಲಿಗೆ ಒರಗಿ ನೋಡುತ್ತಿದ್ದ ಯೆಲ್ಟೆ ಮಾಡಲು ಬೇರೆ ಕೆಲಸವಿಲ್ಲದೆ ಗೋಡೆಯ ಮೇಲಿನ ಹುಟ್ಟುಹಬ್ಬದ ಪಟ್ಟಿಯ ಹಾಳೆ ಎತ್ತಿ ನೋಡಿದ.

ಆ ಪಟ್ಟಿ ಎಲ್ಲರ ಮನೆಯಲ್ಲೂ ಇರುವುದು ಅಲ್ಲೇ. ಎಲ್ಲರೂ ದಿನಕ್ಕೆ ಕೆಲವು ಸಲವಾದರೂ ಕಡ್ಡಾಯವಾಗಿ ಕೂತು ನೋಡುವ ಜಾಗ ಅದೊಂದೇ, ಹಾಗಾಗಿ ಯಾರ ಹುಟ್ಟುಹಬ್ಬವೂ ತಪ್ಪುವುದಿಲ್ಲ. ತಿಂಗಳು ಮುಗಿದ ಕೂಡಲೇ ಹಾಳೆ ಮಗುಚಬೇಕು, ಅಷ್ಟೆ. ಆದರೆ ಹಿಸ್ಕೆಯ ಮನೆಯಲ್ಲಿ ಜೂನ್ ಐದಾದರೂ ಗೋಡೆಯ ಮೇಲೆ ಮೇ ತಿಂಗಳೇ ನಡೆಯುತ್ತಿತ್ತು. ಮೇ ತಿಂಗಳ ಹಾಳೆಯಲ್ಲಿ ಎರಡು ಕುರಿಮರಿಗಳ ಚಿತ್ರ. ಮೂರು ವರ್ಷದ ಡೌವೆ ಚಡ್ಡಿ ಒದ್ದೆ ಮಾಡುವುದನ್ನು ಬಿಟ್ಟು ಮೂರೇ ವಾರವಾಗಿತ್ತು, ಮತ್ತು ಆ ಕುರಿಮರಿಗಳು ಎದುರಿಗಿದ್ದರೆ ಮಾತ್ರ ಅವನ ಕೆಲಸ ಆಗುತ್ತಿತ್ತು. ಒಂದನೇ ತಾರೀಖು ಹಿಸ್ಕೆ ಹಾಳೆ ಮಗುಚಿದ್ದಳು. ಜೂನ್ ತಿಂಗಳ ಹಡಗನ್ನು ನೋಡಿ ಅವನು ಅರ್ಧ ದಿನ ಬಿಗಿಹಿಡಿದು ಕೂತ. ಅವಳು ಮೇ ತಿಂಗಳನ್ನೇ ವಾಪಸು ತಂದಳು.

"ಅಮ್ಮಾ, ನಾಳೆ ಅಜ್ಜೀದು. ಎಪ್ಪತ್ತೈದು ಅಂತ ನೀನೇ ಬರ್ದಿದ್ದೀಯ, ಕೆಳಗೆ ಎರಡು ಗೆರೆ ಬೇರೆ," ಎಂದ ಯೆಲ್ಟೆ.

ಹಿಸ್ಕೆಯ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು.

ಅತ್ತೆ ಯಾಂಟ್ಯೆ ಯಾರನ್ನೂ ಕರೆಯುವವಳಲ್ಲ. ಕರೆಸಿಕೊಂಡು ಬಂದರೆ ಅದೇನು ನೆನಪು ಅನ್ನುವುದು ಅವಳ ಸಿದ್ಧಾಂತ. ಹುಟ್ಟುಹಬ್ಬದ ಸಂಜೆ ಏಳೂವರೆಗೆ ಮುಂದಿನ ಕೋಣೆಯಲ್ಲಿ ಕುರ್ಚಿಗಳು ದುಂಡಗೆ ನಿಂತಿರುತ್ತವೆ. ಬಂದವರು ಸುತ್ತು ಬಂದು ಪ್ರತಿಯೊಬ್ಬರ ಕೈಕುಲುಕಿ, ಹುಟ್ಟುಹಬ್ಬದವಳು ಅವರಿಗೆ ಏನಾಗಬೇಕೋ ಅದರಂತೆ, ನಿನ್ನ ಅಕ್ಕನಿಗೆ ಶುಭವಾಗಲಿ, ನಿನ್ನ ನೆರೆಯವಳಿಗೆ ಶುಭವಾಗಲಿ ಎಂದು ಹರಸಿ, ಕೂತು, ಕಾಫಿಯ ಜೊತೆ ಒಂದು ತುಂಡು ಕೇಕು ತಿನ್ನುತ್ತಾರೆ. ಯಾರ ಕುರ್ಚಿ ಖಾಲಿಯಿತ್ತು ಅನ್ನುವುದು ಮುಂದಿನ ವರ್ಷದವರೆಗೆ ಮಾತಿಗೆ ಸಾಕು. ಒಬ್ಬನೇ ಮಗ ಸಮುದ್ರದಲ್ಲಿ. ಸೊಸೆ, ನಾಲ್ಕು ಮೊಮ್ಮಕ್ಕಳು ಸೇರಿ ಐದು ಕುರ್ಚಿ ಖಾಲಿ ಎಂದರೆ, ಅದನ್ನು ಆ ಊರಿನಲ್ಲಿ ಯುದ್ಧ ಸಾರಿದ ಹಾಗೆಂದೇ ಎಣಿಸುತ್ತಾರೆ.

ಸಾಲದ್ದಕ್ಕೆ ಅತ್ತೆಯ ಮನೆ ಇರುವುದು ಏರಿಯ ರಸ್ತೆಯಲ್ಲಿ. ನಾಲ್ಕನೆಯ ಸಂಜೆಯ ದಾರಿ ಏರಿಯ ರಸ್ತೆ. ಆ ಮನೆಯ ಕಿಟಕಿಗೆ, ಊರಿನ ಎಲ್ಲ ಮರ್ಯಾದಸ್ಥರ ಕಿಟಕಿಯಂತೆ, ಪರದೆ ಇಲ್ಲ.

ನಿಂಕೆ ಬಹಳ ವ್ಯವಹಾರಸ್ಥೆ. ಹೇಗೂ ಟೆಟ್ಟಾಗೆ ಗುಳ್ಳೆ ಎದ್ದಿದೆ, ಅವಳನ್ನು ಕರೆದುಕೊಂಡು ನೀನು ಅಜ್ಜಿ ಮನೆಗೆ ಹೋಗು, ನಾನೂ ಯೆಲ್ಟೆಯೂ ಪಕ್ಕದ ಮನೆಯವರ ಜೊತೆ ನಡೆಯುತ್ತೇವೆ ಎಂದು ಸಲಹೆ ಕೊಟ್ಟಳು. ಕೇಳಲಿಕ್ಕೆ ನ್ಯಾಯವಾಗಿಯೇ ಇತ್ತು. ಟೆಟ್ಟಾ ಅಳಲಿಲ್ಲ. ಮುಚ್ಚಳದ ಮೇಲೆ ಕೂತಲ್ಲಿಂದಲೇ ತಾಯಿಯ ಮುಖ ನೋಡಿ, "ಹೋದ್ ವರ್ಷಾನೂ ಮುಂದಿನ್ ವರ್ಷ ಅಂದಿದ್ದೆ," ಎಂದಳು.

ಹಿಸ್ಕೆ ಕಾಲು ಒರೆಸಿ ಗುಳ್ಳೆಗೆ ಪ್ಲಾಸ್ಟರು ಅಂಟಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆಗೆ ಫೋನು ಮಾಡಿದಳು. ಮೂರು ಸುಳ್ಳು ಸಿದ್ಧವಾಗಿದ್ದವು. ಒಂದಕ್ಕಿಂತ ಒಂದು ಚೆಂದ.

"ಅತ್ತೆ, ನಾಳೆ ನಾವು ಬರೋದು ಒಂಬತ್ತಾಗತ್ತೆ. ಟೆಟ್ಟಾದು ನಾಲ್ಕನೇ ಸಂಜೆ ಇದೆ."

ಯಾಂಟ್ಯೆ ಕೇಳಿದಳು, "ನಾಳೆ ಏನು ಅಂತ ನಿನಗೆ ನೆನಪಿತ್ತಾ?"

ಮೂರು ಸುಳ್ಳುಗಳೂ ಒಟ್ಟಿಗೇ ನಾಲಿಗೆಯ ತುದಿಗೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು. "ಇರ್ಲಿಲ್ಲ. ಈಗ ಹತ್ತು ನಿಮಿಷದ ಕೆಳಗೆ ಗೊತ್ತಾಯ್ತು."

"ಪಟ್ಟಿ ಮಗುಚಿಲ್ವಾ?"

"ಡೌವೆಗೆ ಕುರಿಮರಿ ಬೇಕು, ಅತ್ತೆ. ಅದಿಲ್ದೆ ಅವನಿಗೆ ಬರಲ್ಲ."

"ಸರಿ," ಎಂದಳು ಯಾಂಟ್ಯೆ. ಫೋನು ಇಟ್ಟಳು. ನಮ್ಮ ಕಡೆಯವರು ಮದುವೆಗೆ ಒಪ್ಪುವಾಗಲೂ, ಮಾತು ಬಿಡುವಾಗಲೂ ಬಳಸುವುದು ಅದೇ ಒಂದು ಸರಿಯನ್ನು. ಇದು ಯಾವುದೆಂದು ಹಿಸ್ಕೆಗೆ ತಿಳಿಯಲಿಲ್ಲ. ಸಮುದ್ರದ ಮಧ್ಯದಿಂದ ಮೈಂಡರ್ಟ್ ಮಾತ್ರ, ಅಮ್ಮನ ಹುಟ್ಟುಹಬ್ಬ ನಿನಗೆ ನೆನಪಿರುತ್ತೆ ಅಂತ ನಾನು ನೆನಪಿಟ್ಟುಕೊಂಡಿರಲಿಲ್ಲ ಎಂದು ಸಂದೇಶ ಕಳಿಸಿದ.

ಶುಕ್ರವಾರ ಸಂಜೆ ಗಾಳಿ ಎದುರಿನಿಂದ ಬೀಸುತ್ತಿತ್ತು. ಮೊದಲ ಒಂದು ಕಿಲೋಮೀಟರು ಟೆಟ್ಟಾ ಹಾಡುತ್ತ ನಡೆದಳು. ಎರಡನೆಯದರಲ್ಲಿ ಹಾಡು ನಿಂತಿತು. ಮೂರನೆಯದರಲ್ಲಿ ಬಲಗಾಲಿನ ಮುಂಗಾಲನ್ನು ಮಾತ್ರ ಊರತೊಡಗಿದಳು. ಬೇರೆ ಶಾಲೆಗಳ ಗುಂಪುಗಳು ಒಂದೊಂದಾಗಿ ಅವರನ್ನು ದಾಟಿ ಹೋದವು. ಕೊನೆಗೆ ಒಂದು ಮುದಿ ನಾಯಿಯೂ ಅದರ ಯಜಮಾನನೂ ದಾಟಿದರು. ಯೆಲ್ಟೆ, ನಿಂಕೆ ಮುಂದೆ ಓಡಲಿಲ್ಲ, ಅದೊಂದು ಪುಣ್ಯ. ತಂಗಿಯ ಎರಡೂ ಬದಿಗೆ ಪೊಲೀಸರಂತೆ ನಡೆದರು.

ಅತ್ತೆಯ ಮನೆಯ ಮುಂದೆ ತಲೆ ತಗ್ಗಿಸಿ ಬೇಗ ಬೇಗ ದಾಟಿಬಿಡಬೇಕೆಂದು ಹಿಸ್ಕೆ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದಳು. ಸರಿಯಾಗಿ ಆ ಕಿಟಕಿಯ ಮುಂದೆಯೇ ಟೆಟ್ಟಾ ಹುಲ್ಲಿನ ಮೇಲೆ ಕೂತುಬಿಟ್ಟಳು.

ಒಳಗೆ ದುಂಡಗೆ ಕೂತ ಹನ್ನೊಂದು ಜನ, ಹನ್ನೊಂದು ಕಾಫಿ ಬಟ್ಟಲು. ಇಪ್ಪತ್ತೆರಡು ಕಣ್ಣು ಕಿಟಕಿಗೆ ತಿರುಗಿದವು. ಹಿಸ್ಕೆ ಕೈ ಬೀಸುವುದೋ ಬೇಡವೋ ಗೊತ್ತಾಗದೆ ಅರ್ಧ ಬೀಸಿದಳು.

"ಇನ್ನೆಷ್ಟು ದೂರ?" ಟೆಟ್ಟಾ ಕೇಳಿದಳು.

ಇಗೋ ಬಂದೇಬಿಟ್ಟಿತು ಎನ್ನಬಹುದಿತ್ತು. "ಎರಡು ಕಿಲೋಮೀಟರು," ಎಂದಳು ಹಿಸ್ಕೆ.

"ನಾನು ನಡೀತೀನಿ. ಕಾಲು ಒಪ್ತಿಲ್ಲ."

ಬಾಗಿಲು ತೆರೆಯಿತು. ಯಾಂಟ್ಯೆ ಹಬ್ಬದ ಉಡುಪಿನಲ್ಲಿ, ಎದೆಗೆ ಬೆಳ್ಳಿಯ ಅಲಂಕಾರದ ಪಿನ್ನು ಸಿಕ್ಕಿಸಿಕೊಂಡು, ಕೈಯಲ್ಲಿ ಕೇಕು ಕುಯ್ಯುವ ಚಾಕು ಹಿಡಿದು ಹೊರಬಂದಳು. ಹಿಸ್ಕೆ ತಳ್ಳುಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ಹೋದರೆ ಹನ್ನೊಂದು ಕೈ ಕುಲುಕಬೇಕು, ಕೂರಬೇಕು. ಕೂತರೆ ಎಂಟೂವರೆ ಅಲ್ಲೇ ಆಗುತ್ತದೆ.

"ಒಳಗೆ ಬರಲ್ವಾ?"

"ಇಲ್ಲ, ಅತ್ತೆ. ಮೊಹರು ಬೀಳೋವರೆಗೂ ಬರಲ್ಲ."

ಯಾಂಟ್ಯೆ ಸೊಸೆಯನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಹದಿಮೂರು ವರ್ಷದಲ್ಲಿ ಈ ಹುಡುಗಿ ತನಗೆ ಇಲ್ಲ ಎಂದದ್ದು ಇದೇ ಮೊದಲು ಅನ್ನುವಂತಿತ್ತು ಆ ನೋಟ. ಆಮೇಲೆ ಒಂದು ಮಂಡಿಯನ್ನು, ನಂತರ ಇನ್ನೊಂದನ್ನು ಹುಲ್ಲಿಗೆ ಊರಿ ಮೊಮ್ಮಗಳ ಬಲಗಾಲಿನ ಶೂ ಕಳಚಿದಳು. ಕಾಲುಚೀಲದ ಹಿಂಭಾಗ ಕೆಂಪಾಗಿತ್ತು.

"ಈ ಶೂ ನಿಂಕೆದಲ್ವಾ?"

"ಹೌದು. ಹೋದ ವರ್ಷದ್ದು."

"ಗೊತ್ತು. ಅದಕ್ಕೂ ಮುಂಚೆ ಯೆಲ್ಟೆದು. ಕೊಡಿಸಿದ್ದೇ ನಾನು. ಬಿಸಾಡೋ ಅಂಥದ್ದಲ್ಲ, ಒಳ್ಳೆ ಚರ್ಮ."

ಪ್ಲಾಸ್ಟಿಕ್ ಚೀಲವನ್ನೂ ತೊಳೆದು ಒಣಹಾಕುವ ಹೆಂಗಸು ಯಾಂಟ್ಯೆ. ಹಳೆಯ ಲಕೋಟೆಗಳನ್ನು ಬಿಚ್ಚಿ ಒಳಮಗ್ಗುಲಲ್ಲಿ ಸಾಮಾನಿನ ಚೀಟಿ ಬರೆಯುವವಳು. ಅವಳು ಚಾಕುವಿಗೆ ಅಂಟಿದ್ದ ಕೆನೆಯನ್ನು ಹುಲ್ಲಿಗೆ ಒರೆಸಿ, ಶೂವನ್ನು ತೊಡೆಗೆ ಒತ್ತಿ ಹಿಡಿದು, ಆ ಒಳ್ಳೆಯ ಚರ್ಮದ ಹಿಂಭಾಗವನ್ನು ಅಡಿಯವರೆಗೂ ಕೊಯ್ದು ತೆಗೆದಳು. ಕಿಟಕಿಯೊಳಗೆ ಯಾರೋ ಎದ್ದು ನಿಂತರು. ಹಿಮ್ಮಡಿಯಿಲ್ಲದ ಶೂವನ್ನು ಟೆಟ್ಟಾಳ ಕಾಲಿಗೆ ಹಾಕಿ, ತನ್ನ ಕರವಸ್ತ್ರವನ್ನು ಪಾದದ ಸುತ್ತ ಎರಡು ಸುತ್ತು ಬಿಗಿದು ಗಂಟು ಹಾಕಿದಳು.

"ಏಳು. ಊರಿ ನೋಡು."

ಟೆಟ್ಟಾ ಎದ್ದಳು. ಊರಿದಳು. ಇನ್ನೊಮ್ಮೆ ಊರಿದಳು. "ಒಪ್ತಿದೆ," ಎಂದಳು.

"ಹಾಗಾದ್ರೆ ಇಲ್ಲಿ ಯಾಕೆ ನಿಂತಿದ್ದೀರ?" ಯಾಂಟ್ಯೆ ಎದ್ದು ಮಂಡಿ ಕೊಡವಿಕೊಂಡಳು. ಹಿಸ್ಕೆಗೆ, "ನಿನ್ನ ಕುರ್ಚಿ ತೆಗೆಯಲ್ಲ. ಕಾಫಿ ಆರಿರುತ್ತೆ, ಅದನ್ನೇ ಕುಡೀಬೇಕು," ಎಂದು ಹೇಳಿ ಒಳಗೆ ಹೋದಳು.

ಉಳಿದ ಎರಡು ಕಿಲೋಮೀಟರಿನ ಬಗ್ಗೆ ಮನೆಯಲ್ಲಿ ಯಾರಿಗೂ ಒಂದೇ ನೆನಪಿಲ್ಲ. ನಿಂಕೆಯ ಪ್ರಕಾರ ನಾವು ಓಡಿದೆವು. ಯೆಲ್ಟೆಯ ಪ್ರಕಾರ ಆ ಮುದಿ ನಾಯಿಯನ್ನು ತಿರುವಿನಲ್ಲಿ ಹಿಂದೆ ಹಾಕಿದೆವು. ಹಿಸ್ಕೆಗೆ ನೆನಪಿರುವುದು ಶೂ ರಸ್ತೆಯ ಇಟ್ಟಿಗೆಗೆ ಬಡಿಯುತ್ತಿದ್ದ ಚಟ್ ಚಟ್ ಸದ್ದು, ಮತ್ತು ಪ್ರತಿ ಸದ್ದಿಗೂ ತನ್ನ ಕೈಗಳು ತಾವಾಗಿ ಮಗುವಿನ ಕಡೆ ಚಾಚಿಕೊಳ್ಳುತ್ತಿದ್ದುದು. ಅವನ್ನು ತಳ್ಳುಗಾಡಿಯ ಹಿಡಿಯ ಮೇಲೇ ಇರಿಸಿಕೊಳ್ಳುವುದು ಆವತ್ತಿನ ಅತಿ ಕಷ್ಟದ ಕೆಲಸವಾಗಿತ್ತು.

ಶಾಲೆಯಂಗಳದಲ್ಲಿ ಹೂವು ಹಿಡಿದು ಕಾದಿದ್ದ ಜನ ಆಗಲೇ ಕರಗಿದ್ದರು. ಹಿಲ್ಕೆಮಾ ಮೇಷ್ಟ್ರು ಮೊಹರನ್ನು ಒರೆಸಿ ಡಬ್ಬಿಗೆ ಹಾಕುವುದಕ್ಕೆ ಸಿದ್ಧರಾಗಿ, ಆದರೆ ಎಂಟೂವರೆಗೆ ಇನ್ನೂ ನಾಲ್ಕು ನಿಮಿಷವಿದ್ದ ಕಾರಣ ಹಾಕದೆ, ಗಡಿಯಾರ ನೋಡುತ್ತ ಕೂತಿದ್ದರು. ಟೆಟ್ಟಾ ಚೀಟಿಯನ್ನು ತಾಯಿಗೆ ಕೊಡದೆ ತಾನೇ ಮೇಜಿನ ಮೇಲಿಟ್ಟಳು. ಅವರು ಬಗ್ಗಿ, ಕರವಸ್ತ್ರ ಕಟ್ಟಿದ ಶೂವನ್ನು ಬಹಳ ಹೊತ್ತು ನೋಡಿದರು.

"ಪೂರ್ತಿ ನಡೆದೆಯಾ?"

"ಪೂರ್ತಿ. ಒಂದ್ಸಲ ಕೂತೆ."

"ಕೂರಬಾರದು ಅಂತ ನಿಯಮ ಇಲ್ಲ," ಎಂದು ಅವರು ಮೊಹರು ಒತ್ತಿದರು. ಪದಕವನ್ನು ಅಂಗಿಗೆ ಸಿಕ್ಕಿಸಿದರು.

ಟೆಟ್ಟಾ ಅದನ್ನು ಮುಟ್ಟಿ ನೋಡಿಕೊಂಡಳು. ನಗಲಿಲ್ಲ. ತಿರುಗಿ, ತಾಯಿಯ ಎದುರು ಬಂದು ನಿಂತು, ಎರಡೂ ಕೈ ಮೇಲೆತ್ತಿ, "ಈಗ ಎತ್ಕೋ," ಎಂದಳು.

ಹಿಸ್ಕೆ ಎತ್ತಿಕೊಂಡಳು. ಇಪ್ಪತ್ತೊಂದು ಕಿಲೋ. ಪದಕದ ಅಂಚು ಅವಳ ಕೊರಳಿಗೆ ಒತ್ತುತ್ತಿತ್ತು, ಅವಳು ಸರಿಸಲಿಲ್ಲ. ಇದನ್ನು ಕಂಡ ಡೌವೆ ತಳ್ಳುಗಾಡಿಯಿಂದ ಇಳಿದು ಬಂದು, ತನಗೂ ಒಂದು ಕೈ ಬೇಕೆಂದು ಕಾಲು ಹಿಡಿದುಕೊಂಡ. ಯೆಲ್ಟೆ ಖಾಲಿ ಗಾಡಿಯನ್ನು ಏರಿಯ ರಸ್ತೆಯ ಕಡೆಗೆ ತಿರುಗಿಸಿದ.