ಚೆಂಬಿನೊಳಗಿನ ಹಾಡು

ಸಂಗೀತ ಮನುಷ್ಯನನ್ನು ಎತ್ತರಕ್ಕೆ ಒಯ್ಯುತ್ತದೆ ಎಂಬುದು ತಿಳಿದವರೆಲ್ಲ ಬಹಳ ಹಿಂದಿನಿಂದ ಒಪ್ಪಿಕೊಂಡು ಬಂದ ವಿಚಾರ. ನನ್ನ ಮಟ್ಟಿಗೆ ಅದು ಎತ್ತರಕ್ಕೆ ಒಯ್ದದ್ದು ಮೂರು ಪ್ಯಾಂಟುಗಳ ಅಂಚನ್ನು.

ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ನಾನು ಕಾಪುವಿನಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆಯೊಂದರಲ್ಲಿ ಒಬ್ಬನೇ ಇದ್ದೇನೆ. ಕಡಲಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದರು. ಅದು ಮೊದಲ ವರ್ಷ ನನ್ನ ಸೈಕಲ್ಲನ್ನು ತಿಂದಿತು. ಈಗ ಕಿಟಕಿಯ ಸರಳುಗಳಿಗೆ ಕೈ ಹಾಕಿದೆ. ಕೆಳಗೆ ಹೊಲಿಗೆ ಅಂಗಡಿ. ಟೈಲರ್ ಶಿರ್ವದವರು, ಕೊಂಕಣಿ ಮನೆಮಾತಿನವರು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎಂದು ಕರೆಯುವ ರೂಢಿ. ನನಗೆ ಅವರು ಪೊರ್ಬುಗಳು, ಅವರಿಗೆ ನಾನು ಮಾಸ್ಟ್ರು.

ಪೊರ್ಬುಗಳು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮೊಬೈಲನ್ನು ಒಂದು ಸ್ಟೀಲ್ ಚೆಂಬಿನೊಳಗೆ ನಿಲ್ಲಿಸಿ ಹಾಡು ಹಾಕುತ್ತಿದ್ದರು. ಚೆಂಬಿನ ಬಾಯಿಂದ ಹೊರಟ ಹಾಡು ನೇರ ನನ್ನ ಅಡುಗೆಮನೆಗೆ ಬರುತ್ತಿತ್ತು. ಕೊಂಕಣಿ ಮದುವೆ ಹಾಡುಗಳು, ಹಳೆಯ ಹಿಂದಿ ಹಾಡುಗಳು, ನಡುನಡುವೆ ಹೊಲಿಗೆ ಯಂತ್ರದ ತಾಳ. ಇಂಥ ಹಾಡುಗಳ ಬಗ್ಗೆ ನನಗೆ ಯಾವ ಗೌರವವೂ ಇರಲಿಲ್ಲ. ಒಂದು ದಿನ ತಲೆನೋವಿತ್ತು. ಕೆಳಗಿಳಿದು ಹೋಗಿ, "ದಯವಿಟ್ಟು ಧ್ವನಿಯನ್ನು ಸ್ವಲ್ಪ ತಗ್ಗಿಸಬೇಕಾಗಿ ವಿನಂತಿ" ಎಂದೆ.

ಹೇಳಿದ್ದು ಕನ್ನಡದಲ್ಲಿ. ನಾವಿಬ್ಬರೂ ದಿನಾ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ತುಳುವಿನಲ್ಲಿ ಹೇಳಿದ್ದರೆ ಅದೊಂದು ಮಾತಾಗುತ್ತಿತ್ತು. ಕನ್ನಡದಲ್ಲಿ ಹೇಳಿದ್ದರಿಂದ ನೋಟಿಸಾಯಿತು. ಪೊರ್ಬುಗಳು ಎದ್ದು ನಿಂತು, "ಆಯ್ತು ಮಾಸ್ಟ್ರೇ" ಎಂದವರೇ ಚೆಂಬಿನಿಂದ ಮೊಬೈಲು ತೆಗೆದರು. ಮರುದಿನದಿಂದ ಅವರ ಕಿವಿಯಲ್ಲಿ ಇಯರ್‌ಫೋನು.

ಮೊದಲ ವಾರ ನಾನು ಗೆದ್ದವನಂತೆ ಪೇಪರ್ ಓದಿದೆ. ಎರಡನೆಯ ವಾರ ಅನ್ನ ತಳ ಹಿಡಿಯಿತು. ನನ್ನ ಒಲೆಯ ಮೇಲೆ ಕುಚ್ಚಲಕ್ಕಿ ಬೇಯಲು ಹನ್ನೊಂದು ಹಾಡು ಬೇಕು ಎಂಬುದು ಆಗಲೇ ಗೊತ್ತಾದದ್ದು; ಅಷ್ಟು ದಿನ ಗಡಿಯಾರವನ್ನೇ ನೋಡದೆ ಅಡುಗೆ ಮಾಡಿದ್ದೆ. ಗುಡಿಸುವುದು, ಬಟ್ಟೆ ಒಣಗಿಸುವುದು, ಗಡ್ಡ ಹೆರೆಯುವುದು ಎಲ್ಲವೂ ಯಾವುದೋ ಒಂದು ಹಾಡಿನ ಜೊತೆಗೇ ನಡೆಯುತ್ತಿತ್ತು. ಈಗ ಪೊರಕೆ ಮೂಲೆಯಲ್ಲಿ, ಗಡ್ಡ ಮುಖದಲ್ಲಿ. ಒಂದು ಗುರುವಾರ ಸಂಜೆ ಹಾಲಿನವಳ ಹತ್ತಿರ "ನಾಳೆ ಅರ್ಧ ಲೀಟರ್ ಸಾಕು" ಎಂದಾಗ ಸ್ವರ ಒಡೆದು ಬಂತು. ಸೋಮವಾರದಿಂದ ಬಾಯಿ ತೆರೆದಿರಲಿಲ್ಲ.

ನನ್ನ ಮೊಬೈಲನ್ನೂ ಚೆಂಬಿನಲ್ಲಿಟ್ಟು ನೋಡಿದೆ. ಉತ್ತಮ ಅಭಿರುಚಿಯ ಹಾಡುಗಳನ್ನೇ ಆರಿಸಿದ್ದೆ. ಆದರೆ ಮುಂದೆ ಯಾವುದು ಬರುತ್ತದೆಂದು ನನಗೆ ಗೊತ್ತಿತ್ತು. ಹಾಕಿದವನೂ ನಾನೇ, ಕೇಳುವವನೂ ನಾನೇ. ಮೂರನೆಯದಕ್ಕೆ ನಿಲ್ಲಿಸಿದೆ. ಎರಡು ಸಲ ಬಸ್ಸು ಹತ್ತಿ ಉಡುಪಿಗೆ ಹೋಗಿ ಸುಮ್ಮನೆ ಮರಳಿದೆ. ಬಸ್ಸಿನಲ್ಲಿ ಹಾಡು ಉಂಟು, ಆದರೆ ಇಳಿಯಬೇಕಾಗುತ್ತದೆ.

ಹಾಡನ್ನು ಮರಳಿ ಕೇಳಬೇಕೆಂದು ನಿರ್ಧರಿಸಿದೆ. ಬರಿಗೈಯಲ್ಲಿ ಹೋಗುವುದು ಮಾಸ್ತರಿಕೆಗೆ ಶೋಭೆಯಲ್ಲ. ಸರಿಯಾಗಿಯೇ ಇದ್ದ ಪ್ಯಾಂಟೊಂದನ್ನು ಒಯ್ದು ಉದ್ದ ಕಡಿಮೆ ಮಾಡಲು ಕೊಟ್ಟೆ.

"ಹಾಡು ಈಗ ಹಾಕುವುದಿಲ್ಲವಾ?" ಎಂದೆ, ಗೋಡೆ ನೋಡುತ್ತಾ.

ಪೊರ್ಬುಗಳು ಒಂದು ಕಿವಿಯ ವಯರು ತೆಗೆದರು. "ಹಾಕ್ತೇನಲ್ಲ, ಇದರಲ್ಲಿ. ನಿಮಗೆ ತೊಂದರೆ ಆಗ್ಬಾರ್ದು ಅಲ್ವಾ?"

"ಒಳ್ಳೆಯದು," ಎಂದು ಹೇಳಿ ಮೇಲೆ ಬಂದೆ.

ಮುಂದಿನ ವಾರ ಎರಡನೆಯ ಪ್ಯಾಂಟು. ಆ ದಿನ ಸೆಕೆಯ ಬಗ್ಗೆ ವಿಸ್ತಾರವಾಗಿ ಚರ್ಚಿಸಿ ಬಂದೆ. ಮೂರನೆಯದನ್ನು ಮೇಜಿನ ಮೇಲಿಟ್ಟಾಗ ಪೊರ್ಬುಗಳು ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನನ್ನ ಕಾಲನ್ನೇ ನೋಡಿದರು.

"ಮಾಸ್ಟ್ರೇ, ನಿಮಗೆಂತ ನೇಜಿ ನೆಡ್ಲಿಕ್ಕೆ ಗದ್ದೆಗೆ ಇಳೀಲಿಕ್ಕುಂಟಾ? ಇನ್ನೂ ಕತ್ತರಿಸಿದ್ರೆ ಇದು ಚಡ್ಡಿ."

"ಕತ್ತರಿಸಿ."

ಕತ್ತರಿಸಿದರು. ಅಂಚು ಮಡಚಿ ಯಂತ್ರಕ್ಕೆ ಕೊಡುವ ಹೊತ್ತಿಗೆ ನಾನು ಹೇಳಿದೆ, "ಪೊರ್ಬುಗಳೇ, ಆ ಹಾಡು ಹಾಕಿ ಮಾರಾಯ್ರೆ. ಮೇಲೆ ಎಂತ ಶಬ್ದವೂ ಇಲ್ಲ."

ಯಂತ್ರ ನಿಂತಿತು. "ಶಬ್ದ ಬೇಡ ಅಂತ ನೀವೇ ಹೇಳಿದ್ದಲ್ವಾ? ಅದೂ ಕನ್ನಡದಲ್ಲಿ. ಮಾಸ್ಟ್ರು ಇನ್ನು ಪುರಸಭೆಗೆ ಅರ್ಜಿ ಹಾಕ್ತಾರೆ ಅಂತ ನಾನು ಮನೆಯಲ್ಲಿ ಕೂಡ ಹೇಳಿದ್ದೆ."

"ಹೇಳಿದ್ದು ತಪ್ಪಾಯಿತು."

"ನಿಮಗೆ ಕೊಂಕಣಿ ಬರ್ತದಾ?"

"ಇಲ್ಲ."

"ಮತ್ತೆಂತಕ್ಕೆ ಹಾಡು?"

"ಅನ್ನ ಬೇಯಿಸಲಿಕ್ಕೆ."

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಬಗ್ಗಿ ಮೇಜಿನ ಕೆಳಗೆ ಹುಡುಕಿದರು, ಬಟ್ಟೆಯ ಗಂಟುಗಳ ಹಿಂದೆ ಹುಡುಕಿದರು. "ಚೆಂಬು ಇಲ್ಲ ಮಾಸ್ಟ್ರೇ. ಇಲ್ಲಿ ಸುಮ್ಮನೆ ಬಿದ್ದಿದೆ ಅಂತ ಹೆಂಡತಿ ಮನೆಗೆ ತಗೊಂಡು ಹೋಗಿದ್ದಾಳೆ."

ನಾನು ಮೆಟ್ಟಿಲು ಹತ್ತಿ ನನ್ನ ಚೆಂಬನ್ನು ತಂದುಕೊಟ್ಟೆ. ಅದು ತಾಮ್ರದ್ದು, ಅದರಲ್ಲಿ ಹಾಡು ಸ್ವಲ್ಪ ಶೀತವಾದವರ ಹಾಗೆ ಕೇಳುತ್ತದೆ.

ಈಗ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹಾಡು ಉಂಟು. ಭಾನುವಾರ ಅಂಗಡಿಗೆ ರಜೆ.